ಎಷ್ಟು ಚಿಗರಿ ಪುಸ್ತಕ? ಹೊಸ ಕತೆ, ಕಾದಂಬರಿ, ಕವನಗಳ ನಡುವೆ ಆರಿಸಿಕೊಳ್ಳುವ ಬಗೆ

ಕಳೆದ ತಿಂಗಳು ಮೂರು ಮಂದಿ ಒಂದೇ ಪ್ರಶ್ನೆಯನ್ನು ಮೂರು ನಮೂನಿ ಕೇಳಿದರು. ಗದಗಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗೆಳತಿ, "ಐನೂರು ರೂಪಾಯಿ ತಗದಿಟ್ಟೀನಿ, ಹೊಸಾದು ಏನರ ಓದಬೇಕು, ಏನ್ ತಗೊಳ್ಳಿ ಹೇಳು" ಅಂದಳು. ಹಾವೇರಿಯ ನಿವೃತ್ತ ಮಾಸ್ತರರು ಫೋನ್ ಮಾಡಿ, "ಹಳೇದೆಲ್ಲ ಓದಿ ಮುಗಿಸೇನ್ರಿ. ಈಗಿನ ಹುಡುಗ್ರು ಏನ್ ಬರಿಯಾಕತ್ತಾರ ನೋಡಬೇಕಾಗೇತಿ. ಅಕ್ಷರ ಮಾತ್ರ ದೊಡ್ಡೂ ಇರಬೇಕು" ಅಂದರು. ಹುಬ್ಬಳ್ಳಿ ವಿದ್ಯಾನಗರದ ಇಂಜಿನಿಯರಿಂಗ್ ಹುಡುಗನದು ಲೆಕ್ಕಾಚಾರದ ಪ್ರಶ್ನೆ: "ಅಕ್ಕಾರ, ಪ್ರಶಸ್ತಿ ಬಂದದ್ದನ್ನ ತಗೊಂಡ್ರ ಸೇಫ್ ಅಲ್ರಿ?"

ಮೂವರಿಗೂ ಒಂದೇ ಪಟ್ಟಿ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು. ಹಿಂದೊಮ್ಮೆ ಹಾಗೆ ಮಾಡಿದ್ದೆ ಕೂಡ. ಆ ಪಟ್ಟಿಯ ಮೊದಲ ಪುಸ್ತಕವನ್ನು ಕೊಂಡವರ ಮನೆಗೆ ಆರು ತಿಂಗಳ ಮೇಲೆ ಹೋದಾಗ ಅದು ಕಪಾಟಿನಲ್ಲಿತ್ತು, ಅರವತ್ತನೇ ಪುಟದ ಹತ್ತಿರ ಬಸ್ ಟಿಕೆಟ್ಟಿನ ಚೂರು ಇಣುಕುತ್ತಿತ್ತು. ಪುಸ್ತಕ ಚಲೋದೇ. ಅವರ ದಿನಚರಿಗೆ ಅದು ಕೂಡಿಬರಲಿಲ್ಲ, ಅಷ್ಟೆ. ಅಂದಿನಿಂದ ಯಾರೇ ಕೇಳಲಿ, ಹೆಸರು ಹೇಳುವ ಮೊದಲು ನಾಲ್ಕು ಪ್ರಶ್ನೆ ತಿರುಗಿ ಕೇಳುತ್ತೇನೆ. "ಹೊಸದು" ಅಂದರೆ ಇಲ್ಲಿ ಹತ್ತು ಹದಿನೈದು ವರ್ಷದ ಈಚಿನದು ಅಂತ ಇಟ್ಟುಕೊಳ್ಳಿ. ಒಂದು ಕಡೆ ಮಾತ್ರ ಬೇಕಂತಲೇ ಗಡಿ ದಾಟಿದ್ದೇನೆ.

ಮೊದಲು ಅಳತೆಗೋಲು

ಮೊದಲನೇ ಪ್ರಶ್ನೆ ಹೊತ್ತಿನದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಚಿಲ್ಲರೆ. ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತೆಂದರೆ ಹದಿನೈದು ಪುಟದ ಒಂದು ಕತೆ ಆರಾಮಾಗಿ ಮುಗಿಯುತ್ತದೆ. ಉಣಕಲ್ ಕೆರೆ ದಾಟುವಾಗ ಕತೆಯೊಳಗೆ ಇಳಿದಿರುತ್ತೀರಿ, ಧಾರವಾಡದ ಜುಬಿಲಿ ಸರ್ಕಲ್ ಬರುವ ಹೊತ್ತಿಗೆ ಕೊನೆಯ ಪ್ಯಾರಾದಲ್ಲಿರುತ್ತೀರಿ. ಹೀಗಾಗಿ ನಾನು ಪುಸ್ತಕ ಅಳೆಯುವುದು ಪುಟದಲ್ಲಿ ಅಲ್ಲ, ಎಷ್ಟು ಚಿಗರಿ ಅಂತ, ಅಂದರೆ ಎಷ್ಟು ಸಲದ ಬಸ್ ಪಯಣ ಅಂತ. ನೂರು ಪುಟದ ಕಿರುಕಾದಂಬರಿ ಆರೇಳು ಚಿಗರಿ. ನಾನೂರೈವತ್ತು ಪುಟದ್ದು ಮೂವತ್ತು ಚಿಗರಿ. ವಾರಕ್ಕೆ ಐದು ದಿನ ಹೋಗುವಾಗ, ಬರುವಾಗ ಓದಿದರೂ ಮೂರು ವಾರ, ಅದೂ ನಡುವೆ ಹಬ್ಬ, ಲಗ್ನ, ಜ್ವರ ಬರದಿದ್ದರೆ. ನಿಮ್ಮದು ಬಸ್ಸಿನ ಓದೋ, ರಾತ್ರಿ ಊಟವಾದ ಮೇಲಿನ ಓದೋ, ಭಾನುವಾರದ ಒಂದೇ ಓದೋ ಅನ್ನುವುದು ಮೊದಲು ಗಟ್ಟಿಯಾಗಲಿ.

ಎರಡನೆಯದು ಕಿವಿ. ಕನ್ನಡ ಒಂದೇ ಆದರೂ ಕಿವಿ ಹತ್ತಾರು. ಧಾರವಾಡದ ಓದುಗರಿಗೆ ಚಾಮರಾಜನಗರದ ಮಾತು ಮೊದಲ ನಾಲ್ಕು ಪುಟ ಕಲ್ಲಿನಂತೆ ಹಲ್ಲಿಗೆ ಸಿಗುತ್ತದೆ, ಅಲ್ಲಿಯವರಿಗೆ ನಮ್ಮದೂ ಹಾಗೆಯೇ. ಅದು ಪುಸ್ತಕದ ದೋಷವಲ್ಲ. ಆದರೆ ಎಷ್ಟು ತಾಳ್ಮೆ ಇದೆ ಅನ್ನುವುದು ನಿಮಗೆ ಗೊತ್ತಿರಬೇಕು. ನಮ್ಮ ಕಡೆಯ ಮಾತಿನಲ್ಲಿ ಬರೆದದ್ದು ಅಂತ ಹೇಳಿಕೊಳ್ಳುವ ಪುಸ್ತಕಕ್ಕೆ ಇನ್ನೊಂದು ಪರೀಕ್ಷೆ ಇದೆ: ಅಂಗಡಿಯಲ್ಲೇ ನಿಂತು ಒಂದು ಸಂಭಾಷಣೆಯನ್ನು ತುಟಿ ಅಲುಗಿಸಿ ಓದಿ. ಸಾಲಿನ ಕೊನೆಗೆ ಒಂದು "ರೀ" ಸಿಕ್ಕಿಸಿದರೆ ಉತ್ತರ ಕರ್ನಾಟಕ ಆಯಿತು ಅಂದುಕೊಂಡ ಬರಹ ಈಗಲೂ ಬರುತ್ತಿದೆ. ನಮ್ಮಲ್ಲಿ ಅಪ್ಪ ಮಗನಿಗೆ "ಬರ್ರಿ" ಅನ್ನುವುದಿಲ್ಲ. "ಬಾರಪಾ" ಅನ್ನುತ್ತಾನೆ, ಸಿಟ್ಟು ಬಂದರೆ ಅದು "ಬಾರಲೇ" ಆಗುತ್ತದೆ, ಮಗನಿಗೆ ನೌಕರಿ ಸಿಕ್ಕು ಸಂಬಂಧ ನೋಡಲು ಬೀಗರು ಬಂದ ದಿನ ಅವರೆದುರು "ಬಾ, ಕುಂದರು" ಅಂತ ಇಳಿಯುತ್ತದೆ. ಈ ಏರಿಳಿತ ಗೊತ್ತಿರುವ ಲೇಖಕ ಬೇರೆ, ಸಿನಿಮಾ ನೋಡಿ ಕಲಿತವ ಬೇರೆ. ಅರ್ಧ ಪುಟದಲ್ಲಿ ಗೊತ್ತಾಗಿಬಿಡುತ್ತದೆ.

ಮೂರನೆಯದು ರೊಕ್ಕ. ನಾನು ಕೊಳ್ಳುವ ಪುಸ್ತಕಗಳ ಅಂದಾಜು ಹೇಳುವುದಾದರೆ ಕವನ ಸಂಕಲನ ನೂರರಿಂದ ನೂರೈವತ್ತು ರೂಪಾಯಿ, ಕಥಾಸಂಕಲನ ಇನ್ನೂರರ ಆಚೀಚೆ, ದೊಡ್ಡ ಕಾದಂಬರಿ ನಾನೂರು ಐನೂರು. ಪುಟಕ್ಕಿಷ್ಟು ಅಂತ ಭಾಗಿಸಿ ನೋಡಿದರೆ ಕವನವೇ ತುಟ್ಟಿ. ಆದರೆ ಪುಟದಿಂದ ಭಾಗಿಸುವುದೇ ತಪ್ಪು. ಎಷ್ಟು ಸಲ ಮರಳಿ ಓದುತ್ತೀರೋ ಅದರಿಂದ ಭಾಗಿಸಬೇಕು.

ನಾಲ್ಕನೆಯದು, ಸಿಗುತ್ತದೋ ಇಲ್ಲವೋ. ಹೊಸ ಲೇಖಕರ ಪುಸ್ತಕ ಅಚ್ಚಾಗುವುದೇ ಕಡಿಮೆ ಪ್ರತಿ. ಮೊದಲ ಮುದ್ರಣ ತೀರಿತೆಂದರೆ ಎರಡನೆಯದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಆಮೇಲೆ ತಗೊಂಡರಾತು" ಅನ್ನುವ ಮಾತು ದೊಡ್ಡ ಹೆಸರಿನ ಕಾದಂಬರಿಗೆ ನಡೆಯುತ್ತದೆ, ಹೊಸಬರ ಕವನಕ್ಕೆ ನಡೆಯುವುದಿಲ್ಲ.

ಪ್ರಶಸ್ತಿ ನೋಡಿ ಕೊಂಡರೆ?

ಇಂಜಿನಿಯರಿಂಗ್ ಹುಡುಗನ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಯಾವ ಪ್ರಶಸ್ತಿ ಅನ್ನುವುದರ ಮೇಲಿದೆ ತಮ್ಮಾ.

ಕೇಂದ್ರ ಸಾಹಿತ್ಯ ಅಕಾಡೆಮಿಯ ಮುಖ್ಯ ಪ್ರಶಸ್ತಿ ಕನ್ನಡದಲ್ಲಿ 2017ರಿಂದ 2024ರವರೆಗೆ ಯಾವುದಕ್ಕೆ ಬಂದಿದೆ ನೋಡು. 2017ರಲ್ಲಿ ವಿಮರ್ಶೆ. 2019ರಲ್ಲಿ ವಿಜಯಾ ಅವರ ಆತ್ಮಕತೆ 'ಕುದಿ ಎಸರು'. 2021ರಲ್ಲಿ ಡಿ.ಎಸ್. ನಾಗಭೂಷಣ ಅವರ 'ಗಾಂಧಿ ಕಥನ'. 2024ರಲ್ಲಿ ಕೆ.ವಿ. ನಾರಾಯಣ ಅವರ 'ನುಡಿಗಳ ಅಳಿವು'. ಎಂಟು ವರ್ಷದಲ್ಲಿ ಒಂದೂ ಕಾದಂಬರಿ ಇಲ್ಲ, ಒಂದೂ ಕಥಾಸಂಕಲನ ಇಲ್ಲ. ಕಾವ್ಯ ಅಂತ ಇರುವುದು 2020ರ ಒಂದು ಮಹಾಕಾವ್ಯ. ಕಾದಂಬರಿಗೆ ಬಂದದ್ದು ಬೇಕೆಂದರೆ 2016ಕ್ಕೆ ಹೋಗಬೇಕು, ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ'ಕ್ಕೆ. ಅದು ಕೈಯಲ್ಲಿ ಹಿಡಿದರೆ ಇಟ್ಟಿಗೆ, ಚಿಗರಿ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಈ ಪುಸ್ತಕಗಳಲ್ಲಿ ಕೆಲವನ್ನು ನಾನು ಇಷ್ಟಪಟ್ಟು ಓದಿದ್ದೇನೆ. ಆದರೆ "ಒಂದು ಚಲೋ ಹೊಸ ಕತಿ ಬೇಕು" ಅನ್ನುವವರು ಆ ಪಟ್ಟಿ ಹಿಡಿದು ಅಂಗಡಿಗೆ ಹೋದರೆ ಬರಿಗೈಲಿ ಬರುತ್ತಾರೆ, ಇಲ್ಲವೇ ವಿಮರ್ಶೆಯ ಪುಸ್ತಕ ಹಿಡಿದುಕೊಂಡು ಬರುತ್ತಾರೆ.

ಅದೇ ಅಕಾಡೆಮಿಯ ಯುವ ಪುರಸ್ಕಾರದ ಪಟ್ಟಿ ಬೇರೆಯೇ ಕತೆ ಹೇಳುತ್ತದೆ. ಮೂವತ್ತೈದು ವರ್ಷದೊಳಗಿನವರಿಗೆ 2011ರಿಂದ ಕೊಡುತ್ತಿರುವ ಪ್ರಶಸ್ತಿ ಇದು. 2015ರಿಂದ 2023ರವರೆಗಿನ ಒಂಬತ್ತು ವರ್ಷದಲ್ಲಿ ಏಳು ಸಲ ಕಥಾಸಂಕಲನಕ್ಕೆ ಬಂದಿದೆ. ಮೌನೇಶ ಬಡಿಗೇರ, ವಿಕ್ರಮ ಹತ್ವಾರ, ಶಾಂತಿ ಕೆ. ಅಪ್ಪಣ್ಣ, ಪದ್ಮನಾಭ ಭಟ್ ಶೇವ್ಕಾರ, ಸ್ವಾಮಿ ಪೊನ್ನಾಚಿ, ದಾದಾಪೀರ್ ಜೈಮನ್, ಮಂಜುನಾಯಕ ಚಳ್ಳೂರು. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಈಗಿನ ಹುಡುಗರು ನೌಕರಿ ಮಾಡಿಕೊಂಡು, ರಾತ್ರಿ ಒಂದೆರಡು ತಾಸು ಕದ್ದು ಬರೆಯುವವರು. ಆ ಕದ್ದ ಹೊತ್ತಿಗೆ ಕತೆ ಹೊಂದುತ್ತದೆ. ನಮ್ಮ ಕದ್ದ ಹೊತ್ತಿನ ಓದಿಗೂ ಅದೇ ಹೊಂದುತ್ತದೆ. ಹಾಗಾಗಿ ಪ್ರಶಸ್ತಿ ನೋಡಿಯೇ ಕೊಳ್ಳುವುದಾದರೆ ಮುಖ್ಯ ಪ್ರಶಸ್ತಿಯ ಪಟ್ಟಿ ಬಿಡು, ಯುವ ಪುರಸ್ಕಾರದ ಪಟ್ಟಿ ಹಿಡಿ.

ದೊಡ್ಡ ಕಾದಂಬರಿ: ರಜೆ ಇದ್ದರೆ ಮಾತ್ರ

ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' 2019ರದು, ನಾನೂರು ಪುಟ ದಾಟಿದ್ದು. ಒಂದು ಕಡೆ ಪೋರ್ಚುಗಲ್ಲಿನ ಲಿಸ್ಬನ್, ತೇಜೋ ನದಿ, ಗೇಬ್ರಿಯಲ್ ಮತ್ತು ಬೆಲ್ಲಾ. ಇನ್ನೊಂದು ಕಡೆ ತುಂಗಭದ್ರೆಯ ದಂಡೆ, ವಿಜಯನಗರ. ಹದಿನೈದನೇ ಶತಮಾನ ಮುಗಿದು ಹದಿನಾರು ಶುರುವಾಗುವ ಹೊತ್ತು. ಮುಂಡರಗಿ, ರಾಣೆಬೆನ್ನೂರಿನ ಕಡೆಯವರಿಗೆ ಆ ನದಿ ಮನೆಯ ಹಿಂದಿನದು. ಅದೇ ನೀರು ಲಿಸ್ಬನ್ನಿನ ಕತೆಯ ಜೊತೆ ಹರಿಯುವುದನ್ನು ಓದುವಾಗ ಒಂದು ವಿಚಿತ್ರ ಸಲಿಗೆ ಹುಟ್ಟುತ್ತದೆ. ಭಾಷೆ ತೊಡಕಿಲ್ಲ, ಕತೆ ಎಳೆದುಕೊಂಡು ಹೋಗುತ್ತದೆ. ಮೂವತ್ತು ಚಿಗರಿಯ ಪುಸ್ತಕಕ್ಕೆ ಈ ಎಳೆತ ಇರಲೇಬೇಕು.

ಕಷ್ಟ ಎಲ್ಲಿ ಅಂದರೆ, ಎರಡು ಊರು, ಎರಡು ಗುಂಪು ಪಾತ್ರ. ಒಂದು ವಾರ ಬಿಟ್ಟು ಮತ್ತೆ ಹಿಡಿದರೆ ಯಾರು ಯಾರ ಮಗ ಅಂತ ಹಿಂದಿನ ಪುಟ ತಿರುವಬೇಕಾಗುತ್ತದೆ. ಶಿಫ್ಟ್ ಡ್ಯೂಟಿಯವರು, ಪರೀಕ್ಷೆ ನಡುವಿನವರು ಮುಟ್ಟಬೇಡಿ. ದಸರಾ ರಜೆ, ಮದುವೆ ಸೀಸನ್ ಮುಗಿದ ಜೂನ್ ಮಳೆ, ಕಾಲು ಮುರಿದು ಮನೆಯಲ್ಲಿ ಕೂತಿರುವುದು, ಇಂಥ ದಿನಕ್ಕೆ ಇಟ್ಟುಕೊಳ್ಳಿ. ಇತಿಹಾಸದ ಕ್ರೌರ್ಯವನ್ನು ಮುಚ್ಚಿಡದ ಪುಸ್ತಕ ಇದು, ಮಲಗುವ ಮುನ್ನ ಓದುವವರಿಗೆ ಒಂದೆರಡು ಅಧ್ಯಾಯ ನಿದ್ದೆಗೆಡಿಸಬಹುದು.

ಸಣ್ಣದರಲ್ಲಿ ಮುಗಿಯುವುದು

ವಿವೇಕ ಶಾನಭಾಗ ಅವರ 'ಘಾಚರ್ ಘೋಚರ್' ಗೊತ್ತಿಲ್ಲದವರು ಈಗ ಕಡಿಮೆ. ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದಿಂದ ಹೊರಗೆ ಹೆಸರಾದದ್ದು. ಬೆಂಗಳೂರಿನ ಒಂದು ಮನೆ, ಮಸಾಲೆ ಪುಡಿಯ ವ್ಯಾಪಾರದಿಂದ ದಿಢೀರ್ ಬಂದ ರೊಕ್ಕ, ಆ ರೊಕ್ಕ ಮನೆಯವರನ್ನು ಬಾಗಿಸುವ ರೀತಿ. ಭಾಷೆ ತಣ್ಣಗೆ, ಒಂದು ಶಬ್ದ ಹೆಚ್ಚಿಲ್ಲ. ನಮ್ಮ ಕಡೆಯ ಮಾತಿನ ಕಾವು ಬೇಕೆನ್ನುವವರಿಗೆ ಸಪ್ಪೆ ಅನ್ನಿಸಬಹುದು. ಮಾಸ್ತರರಿಗೆ ಕೊಟ್ಟು ನೋಡಿದ್ದೆ, "ಎಲ್ಲಾ ಮಂದಿ ಪಿಸುಮಾತಿನಾಗ ಮಾತಾಡ್ತಾರ್ರಿ ಇದರಾಗ" ಅಂದರು. ಬೈಗುಳ ಅಂತ ಹೇಳಿದ್ದು, ನನಗೆ ಅದು ಪುಸ್ತಕದ ಸರಿಯಾದ ವರ್ಣನೆ ಅನ್ನಿಸಿತು. ಅಂಗಡಿ, ಬಿಜಿನೆಸ್ ಮನೆತನದವರಿಗೆ ಇದನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಅಂಥವರಿಗೆ ಬರವಿಲ್ಲ.

ಇಲ್ಲಿ ಗಡಿ ದಾಟುತ್ತೇನೆ. ರಾಘವೇಂದ್ರ ಪಾಟೀಲ ಅವರ 'ತೇರು' ಹೊಸದಲ್ಲ, 2005ರಲ್ಲೇ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಆದರೆ ನಮ್ಮ ಕಡೆಯ ಕಿವಿಗೆ ಸಣ್ಣ ಕಾದಂಬರಿ ಬೇಕು ಅಂದಾಗ ಇದನ್ನು ಬಿಟ್ಟು ಹೊಸಬರನ್ನು ಹೇಳಲು ಮನಸ್ಸು ಬರುವುದಿಲ್ಲ. ಧರಮನಟ್ಟಿಯ ವಿಟ್ಠಲನ ತೇರು, ಆ ತೇರು ಎಳೆಯಲು ಬಲಿ ಕೊಟ್ಟ ಕತೆ, ಬಲಿ ಕೊಟ್ಟ ಮನೆತನ ತಲೆಮಾರುಗಟ್ಟಲೆ ಹೊತ್ತ ರಕ್ತದ ಋಣ. ಗೊಂದಲಿಗರ ಹಾಡಿನ ಧಾಟಿ, ದೇಸಗತಿಯ ಅಂದರೆ ದೇಸಾಯರ ಆಳಿಕೆಯ ನೆನಪು, ಈ ಕಾಲದ ಮಾತು ಮೂರೂ ಒಂದರೊಳಗೊಂದು ಬರುತ್ತವೆ. ಧಾಟಿ ಬದಲಾದಾಗ ಮೊದಲ ಸಲ ತಡವರಿಸಬಹುದು, ಗಟ್ಟಿಯಾಗಿ ಓದಿದರೆ ಸರಿಹೋಗುತ್ತದೆ. ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದವರು ಯಾರಾದರೂ ಇದನ್ನು ಓದಿದ ಮೇಲೆ ಮುಂದಿನ ಜಾತ್ರೆಯಲ್ಲಿ ಹಗ್ಗ ಹಿಡಿಯುವಾಗ ಒಂದು ಕ್ಷಣ ನಿಲ್ಲುತ್ತಾರೆ.

ಕತೆಗಳು: ನನ್ನ ಓಟು ಇಲ್ಲಿಗೆ

ಮೊದಲು ಒಂದು ಗೊಂದಲ ಬಿಡಿಸಬೇಕು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಗ ನಮ್ಮ ಓಣಿಯಲ್ಲೇ ಇಬ್ಬರು ಇಂಗ್ಲಿಷ್ ಪುಸ್ತಕ ತರಿಸಿದರು. ಇಬ್ಬರೂ ಕನ್ನಡ ಮಾಧ್ಯಮದಲ್ಲಿ ಕಲಿತವರು! ಕನ್ನಡದಲ್ಲಿ ಹುಟ್ಟಿದ ಕತೆಯನ್ನು ಇಂಗ್ಲಿಷಿನಲ್ಲಿ ಡಿಕ್ಷನರಿ ಹಿಡಿದು ಓದುವುದಕ್ಕೆ ಏನನ್ನಬೇಕು? 'ಹಾರ್ಟ್ ಲ್ಯಾಂಪ್' ಎಂಬ ಆ ಇಂಗ್ಲಿಷ್ ಪುಸ್ತಕದ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವುಗಳಿಂದ ಆಯ್ದದ್ದು. ಅದಕ್ಕೆ ಹೆಸರು ಕೊಟ್ಟದ್ದು 'ಎದೆಯ ಹಣತೆ' ಎಂಬ ಕತೆ. ಕನ್ನಡದಲ್ಲಿ ಓದುವವರು 'ಹಸೀನಾ ಮತ್ತು ಇತರ ಕತೆಗಳು' ಸಂಪುಟ ಸಿಗುತ್ತದೋ ವಿಚಾರಿಸಿ. ದಪ್ಪಗಿದೆ, ಆದರೆ ಬಿಡಿಬಿಡಿ ಓದಬಹುದು. ಹಾಸನದ ಮುಸ್ಲಿಂ ಮನೆಗಳ ಒಳಕೋಣೆಯ ಮಾತು, ಉರ್ದು ಬೆರೆತ ಕನ್ನಡ. ಹಳೇ ಹುಬ್ಬಳ್ಳಿಯಲ್ಲಿ, ಸವಣೂರಿನಲ್ಲಿ ಆಡಿ ಬೆಳೆದವರಿಗೆ ಆ ಬೆರಕೆ ಹೊಸದಲ್ಲ. ಹೊಸ ಪ್ರಯೋಗ, ಚಮತ್ಕಾರ ಹುಡುಕುವವರಿಗೆ ಇಲ್ಲಿ ಸಿಗುವುದಿಲ್ಲ. ಕತೆ ನೇರ, ಸಿಟ್ಟು ನೇರ, ವಕೀಲೆಯ ಕಣ್ಣು. ಒಂದೇ ಬೈಠಕ್ಕಿನಲ್ಲಿ ನಾಲ್ಕು ಓದಬೇಡಿ, ದಿನಕ್ಕೊಂದು ಸಾಕು.

ಜಯಂತ ಕಾಯ್ಕಿಣಿ ಅವರ 'ಅನಾರ್ಕಲಿಯ ಸೇಫ್ಟಿಪಿನ್' ಇದರ ಇನ್ನೊಂದು ತುದಿ. ಗೋಕರ್ಣದಲ್ಲಿ ಹುಟ್ಟಿ, ಧಾರವಾಡದ ವಿಶ್ವವಿದ್ಯಾಲಯದಲ್ಲಿ ಓದಿ, ಮುಂಬೈಯಲ್ಲಿ ದುಡಿದ ಈ ಕತೆಗಾರರು ಸಣ್ಣ ವಸ್ತುವನ್ನು ಹಿಡಿದು ಮನುಷ್ಯರನ್ನು ತೋರಿಸುತ್ತಾರೆ. ಒಂದು ಪಿನ್ನು, ಒಂದು ಛತ್ರಿ, ಯಾರೋ ಬಿಟ್ಟುಹೋದ ಚೀಟಿ ಇಂಥವು. ಉಪಮೆಗಳು ಧಾರಾಳ. ಕೆಲವರಿಗೆ ಅದೇ ಹಬ್ಬ, ಕೆಲವರಿಗೆ "ಸಾಕಪಾ, ಮುಂದೇನಾತು ಹೇಳು" ಅನ್ನಿಸುತ್ತದೆ. ದಣಿದು ಬಂದವರಿಗೆ, ಮನುಷ್ಯರ ಮೇಲೆ ಬೇಸರ ಬಂದವರಿಗೆ ನಾನು ಹೇಳುವುದು ಈ ಪುಸ್ತಕವನ್ನೇ.

ಇನ್ನು ಹೊಸಬರು. ಶಾಂತಿ ಕೆ. ಅಪ್ಪಣ್ಣ ಅವರ 'ಮನಸು ಅಭಿಸಾರಿಕೆ' ಮತ್ತು ಸ್ವಾಮಿ ಪೊನ್ನಾಚಿ ಅವರ 'ಧೂಪದ ಮಕ್ಕಳು' ಎರಡನ್ನೂ ಎದುರುಬದುರು ಇಟ್ಟು ನೋಡಿ. ಮೊದಲನೆಯವರು ಕೊಡಗಿನವರು, ಚೆನ್ನೈಯಲ್ಲಿ ನರ್ಸ್ ಆಗಿ ಕೆಲಸ ಮಾಡಿಕೊಂಡು ಬರೆದವರು. ಭಾಷೆ ಶಿಷ್ಟ, ಎಲ್ಲಿಯ ಓದುಗರಿಗೂ ತಕ್ಷಣ ಒಳಗೆ ಬಿಡುತ್ತದೆ, ಕತೆಯ ಗಂಟು ಮಾತ್ರ ಹೆಣ್ಣು-ಗಂಡಿನ ನಡುವೆ ಬಿಗಿಯಾಗಿ ಕೂತಿರುತ್ತದೆ. ಎರಡನೆಯವರ ಊರು ಪೊನ್ನಾಚಿ, ಮಲೆ ಮಹದೇಶ್ವರ ಬೆಟ್ಟದ ಸೀಮೆ. ಮಾತಿನ ಸೊಗಡು ಪೂರಾ ಆ ಕಡೆಯದು. ಧಾರವಾಡದ ಕಿವಿ ಮೊದಲ ಕತೆಯಲ್ಲಿ ಒದ್ದಾಡುತ್ತದೆ, ಎರಡನೆಯದರಲ್ಲಿ ಪಳಗುತ್ತದೆ, ಮೂರನೆಯದಕ್ಕೆ "ಅರೆ, ಇವರ ಅವ್ವನೂ ನಮ್ಮವ್ವನಂಗ ಬೈತಾಳಲ್ಲ" ಅನ್ನಿಸುತ್ತದೆ. ಎರಡೂ ಯುವ ಪುರಸ್ಕಾರದ ಪುಸ್ತಕಗಳು, ಬೆಲೆಯಲ್ಲೂ ದೊಡ್ಡ ಅಂತರವಿಲ್ಲ. ಆಯ್ಕೆ ನಿಮ್ಮ ತಾಳ್ಮೆಯದು: ಇವತ್ತೇ ಒಳಗೆ ಹೋಗಬೇಕೋ, ಎರಡು ದಿನ ಬಾಗಿಲಲ್ಲಿ ಕಾಯಬಲ್ಲಿರೋ.

ಸಂಕಲನ ಕೊಂಡವರಿಗೆ ಒಂದು ಸಣ್ಣ ಗುಟ್ಟು. ಮೊದಲ ಕತೆಯಿಂದಲೇ ಶುರು ಮಾಡಬೇಕಿಲ್ಲ. ಪುಸ್ತಕಕ್ಕೆ ಯಾವ ಕತೆಯ ಹೆಸರಿಟ್ಟಿದ್ದಾರೋ ಅದನ್ನು ಕೊನೆಗಿಟ್ಟುಕೊಳ್ಳಿ, ಎಲ್ಲಕ್ಕಿಂತ ಸಣ್ಣ ಕತೆಯನ್ನು ಮೊದಲು ಓದಿ. ಹತ್ತರಲ್ಲಿ ನಾಲ್ಕು ಮನಸ್ಸಿಗೆ ಹತ್ತಿದರೆ ಕೊಟ್ಟ ರೊಕ್ಕ ಬಂತು ಅಂತ ತಿಳಿಯಿರಿ. ಕಾದಂಬರಿಗೆ ಈ ರಿಯಾಯಿತಿ ಇಲ್ಲ, ಅದು ಹತ್ತಿದರೆ ಪೂರಾ, ಇಲ್ಲದಿದ್ದರೆ ಪೂರಾ ನಷ್ಟ. ಐನೂರು ರೂಪಾಯಿಯವರಿಗೆ ನಾನು ಕತೆಯನ್ನೇ ಹೇಳುವುದು ಇದಕ್ಕೇ.

ಕವನ: ಹೆಸರು ನೋಡಿ ಕೊಳ್ಳಬೇಡಿ

ಬೇಂದ್ರೆ ಇದ್ದ ಊರಿನಲ್ಲಿ ಹೊಸ ಕವನ ಓದುವುದು ಕಷ್ಟದ ಕೆಲಸ. ಸಾಧನಕೇರಿಯ ಹೆಸರೆತ್ತಿದರೆ ಸಾಕು, "ಅವರ ನಂತರ ಯಾರಿದ್ದಾರ್ರಿ" ಅನ್ನುವ ಮಂದಿ ಓಣಿಗೊಬ್ಬರು. ಹಾಗಂದವರಲ್ಲಿ ಹೆಚ್ಚಿನವರು ಬೇಂದ್ರೆಯವರನ್ನೂ ಹಾಡಾಗಿ ಕೇಳಿದವರೇ ಹೊರತು ಪುಟ ತಿರುವಿದವರಲ್ಲ. ಹೋಗಲಿ ಬಿಡಿ.

ಹೊಸ ಕವನ ಸಂಕಲನದ ತೊಂದರೆ ಏನೆಂದರೆ ಮುನ್ನುಡಿ, ಬೆನ್ನುಡಿ, ಕವಿಯ ಮಾತು, ಕೃತಜ್ಞತೆ ದಾಟಿ ಮೊದಲ ಕವನ ಸಿಗುವ ಹೊತ್ತಿಗೆ ಇಪ್ಪತ್ತು ಪುಟ ಹೋಗಿರುತ್ತದೆ. ಎಂಬತ್ತು ಪುಟದ ಪುಸ್ತಕದಲ್ಲಿ ಇಪ್ಪತ್ತು! ಮುನ್ನುಡಿ ಬರೆದವರ ಹೆಸರು ನೋಡಿ ಕೊಳ್ಳಬೇಡಿ, ಅದು ಸ್ನೇಹದ ಲೆಕ್ಕ. ಅಂಗಡಿಯಲ್ಲಿ ಮೂರು ಕವನ ಓದಿ: ನಡುವಿನದೊಂದು, ಕೊನೆಯದೊಂದು, ಅತಿ ಸಣ್ಣದೊಂದು. ಉದ್ದ ಕವನದಲ್ಲಿ ಏನನ್ನಾದರೂ ಮುಚ್ಚಿಡಬಹುದು, ಆರು ಸಾಲಿನದರಲ್ಲಿ ಆಗುವುದಿಲ್ಲ.

ಹೋಲಿಕೆಗೆ ನಾಲ್ಕು ದಾರಿ ಇಡುತ್ತೇನೆ. ನಮ್ಮ ಊರಿನ ನಂಟು ಬೇಕೆಂದರೆ ಕಾವ್ಯಾ ಕಡಮೆ ಅವರ 'ಧ್ಯಾನಕೆ ತಾರೀಖಿನ ಹಂಗಿಲ್ಲ', 2014ರ ಯುವ ಪುರಸ್ಕಾರ ಬಂದದ್ದು. ದನಿ ಮೆಲುವು, ಹೆಣ್ಣುಮಕ್ಕಳ ಖಾಸಗಿ ಲೋಕ, ಒಬ್ಬರೇ ಕೂತು ಓದುವಂಥದ್ದು. ಹಾಡಿನ, ತತ್ವಪದದ ಬಳಿಯ ದನಿ ಬೇಕೆಂದರೆ ಆರಿಫ್ ರಾಜಾ ಅವರ 'ಜಂಗಮ ಫಕೀರನ ಜೋಳಿಗೆ'. ಶಿಶುನಾಳದ ಸೀಮೆಯವರಿಗೆ ಆ ಹೆಸರೇ ಅರ್ಧ ಹೇಳಿಬಿಡುತ್ತದೆ. ಗೋವಿಂದ ಭಟ್ಟರ ಶಿಷ್ಯ ಷರೀಫರು ಜಂಗಮ, ಫಕೀರ ಎರಡೂ ದಾರಿಯನ್ನು ಒಂದೇ ಹೆಗಲ ಮೇಲೆ ಹಾಕಿಕೊಂಡ ನೆಲ ಇದು. ಮೂರನೆಯದು ಶ್ರುತಿ ಬಿ.ಆರ್. ಅವರ 'ಜೀರೋ ಬ್ಯಾಲೆನ್ಸ್', 2024ರ ಯುವ ಪುರಸ್ಕಾರ. ಹೆಸರಿನಲ್ಲೇ ಇರುವಂತೆ ಬ್ಯಾಂಕ್ ಪಾಸ್‌ಬುಕ್ ಕಾಲದ ಕವನ. ಕವನವೆಂದರೆ ಅಲರ್ಜಿ ಅನ್ನುವ ಇಪ್ಪತ್ತರ ವಯಸ್ಸಿನವರ ಕೈಗೆ ಕೊಡಬಹುದಾದದ್ದು.

ನಾಲ್ಕನೆಯದು ಗದಗಿನವರಿಗೆ. ಎಲ್. ಲಕ್ಷ್ಮೀನಾರಾಯಣ ಸ್ವಾಮಿ ಅವರ 'ತೊಗಲ ಚೀಲದ ಕರ್ಣ', ಈ ಕಾಲದಲ್ಲಿ ಬರೆದ ಮಹಾಕಾವ್ಯ. ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಬರೆದ ಅಂತ ಹೇಳಿಕೊಂಡು ಬೆಳೆದ ಊರು, ಗಮಕಿಗಳ ಬಾಯಲ್ಲಿ ಕರ್ಣನ ಪ್ರಸಂಗ ಕೇಳಿ ಕಣ್ಣೊರೆಸಿಕೊಂಡ ಹಿರಿಯರು. ಅವರ ಕರ್ಣನ ಪಕ್ಕ ಇವನನ್ನು ಕೂಡಿಸಿ ನೋಡುವುದು ಗದಗಿನವರಿಗೆ ಮಾತ್ರ ಸಿಗುವ ಸುಖ. ಆದರೆ ಕೈಯಲ್ಲಿ ಬರೀ ಹದಿನೈದು ನಿಮಿಷ ಇದ್ದವರಿಗೆ ಇದು ಅಲ್ಲ. ಹದಿನೈದು ನಿಮಿಷದವರು ಮೊದಲ ಮೂರರಲ್ಲಿ ಒಂದನ್ನು ಹಿಡಿಯಿರಿ, ನೂರೈವತ್ತು ರೂಪ್ಯಾದೊಳಗೆ ವರ್ಷಪೂರ್ತಿ ದಿಂಬಿನ ಬದಿಗೆ ಇರುತ್ತದೆ.

ರೊಕ್ಕವೇ ಇಲ್ಲದಿದ್ದರೆ, ಮತ್ತು ಎಲ್ಲಿ ಕೊಳ್ಳುವುದು

ದೀಪಾವಳಿ ವಿಶೇಷಾಂಕಗಳು ಎಲ್ಲಕ್ಕಿಂತ ಅಗ್ಗದ ಬೀಜದ ಚೀಲ. ಪ್ರಜಾವಾಣಿಯ ಕಥಾಸ್ಪರ್ಧೆಯಲ್ಲಿ ಗೆದ್ದವರ ಹೆಸರು ನಾಲ್ಕೈದು ವರ್ಷ ಬಿಟ್ಟು ಪುಸ್ತಕದ ಮುಖಪುಟದಲ್ಲಿ ಕಾಣಿಸುತ್ತದೆ. ಒಂದು ಸಂಚಿಕೆಯಲ್ಲಿ ಹತ್ತು ಹೊಸ ಕೈಗಳ ರುಚಿ ನೋಡಿ, ಹಿಡಿಸಿದವರ ಸಂಕಲನ ಆಮೇಲೆ ಕೊಳ್ಳಿ. ಗ್ರಂಥಾಲಯ ಪುಕ್ಕಟೆ, ನಿಜ. ಆದರೆ ಹೊಸ ಪುಸ್ತಕ ಅಲ್ಲಿನ ಕಪಾಟಿಗೆ ಬರಲು ವರ್ಷಗಳೇ ಬೇಕು, ಹಳೆಯದು ಹುಡುಕಲಷ್ಟೇ ಹೋಗಿ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಇ-ಪುಸ್ತಕ ಅಗ್ಗ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಅಚ್ಚಿನಲ್ಲಿ ತೀರಿದ್ದೂ ಕೆಲವೊಮ್ಮೆ ಸಿಗುತ್ತದೆ. ಕವನಕ್ಕೆ ಮಾತ್ರ ಬೇಡ, ಮೊಬೈಲಿನ ಅಗಲಕ್ಕೆ ಸಾಲು ಮುರಿದು ಕವಿ ಬರೆಯದ ಇನ್ನೊಂದು ಕವನ ಆಗಿಬಿಡುತ್ತದೆ.

ಕೈಯಲ್ಲಿ ಹಿಡಿದು ನೋಡಿ ಕೊಳ್ಳುವವರು ಹುಬ್ಬಳ್ಳಿಯಲ್ಲಿ ಸಪ್ನಾದಂಥ ದೊಡ್ಡ ಅಂಗಡಿಗೆ ಹೋಗಬಹುದು, ಆಯ್ಕೆ ಹೆಚ್ಚು. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿ, ಚಂದಾದಾರರನ್ನು ನೆಚ್ಚಿಕೊಂಡು ಬೆಳೆಸಿದ ಪ್ರಕಾಶನ. ಅಂಥ ಕಡೆ ಆಯ್ಕೆ ಕಡಿಮೆ, ಮಾತು ಹೆಚ್ಚು. "ಇದು ಓದೀರೇನು, ಹಂಗಾರ ಇದನ್ನ ನೋಡ್ರಿ" ಅನ್ನುವವರು ಯಾವ ಆ್ಯಪ್‌ನಲ್ಲೂ ಇಲ್ಲ. ಅವಸರ ಇಲ್ಲದಿದ್ದರೆ ನವೆಂಬರ್ ತನಕ ಕಾಯಿರಿ, ರಾಜ್ಯೋತ್ಸವದ ರಿಯಾಯಿತಿ ಬಹಳ ಕಡೆ ಇರುತ್ತದೆ. ಹೊಸಬರ ಕವನ ಮಾತ್ರ ಕಂಡಾಗಲೇ ಎತ್ತಿಕೊಳ್ಳಿ.

ಎಲ್ಲಿ ಕೊಂಡರೂ ದುಡ್ಡು ಕೊಡುವ ಮುನ್ನ ಹದಿನಾರರ ಮಗ್ಗಿ ಹೇಳಿ. ಎರಡು ವರ್ಷದ ಹಿಂದೆ ಪುಸ್ತಕ ಮೇಳವೊಂದರಲ್ಲಿ ಕೊಂಡ ಕಾದಂಬರಿಯಲ್ಲಿ 96ನೇ ಪುಟದ ಮುಂದೆ ಮತ್ತೆ 81 ಬಂತು. ಪ್ರೂಫ್ ತಪ್ಪು ಅಂದುಕೊಂಡು ಓದುತ್ತ ಹೋದರೆ ಸತ್ತ ಅತ್ತೆ ಎದ್ದು ಕೂತು ಚಹಾ ಕೇಳುತ್ತಿದ್ದಾಳೆ! ಹದಿನಾರು ಪುಟದ ಒಂದು ಫಾರ್ಮನ್ನು ಎರಡು ಸಲ ಹೊಲಿದು ಮುಂದಿನದನ್ನು ಬಿಟ್ಟಿದ್ದರು. 97ರಿಂದ 112 ಇಲ್ಲವೇ ಇಲ್ಲ. ಬದಲಿಗೆ ಇನ್ನೊಂದು ಪ್ರತಿ ಕೇಳಿದರೆ ಮುದ್ರಣ ಮುಗಿದಿದೆ ಅಂದರು. ಆ ಹದಿನಾರು ಪುಟದಲ್ಲಿ ಅತ್ತೆಯ ತಿಥಿ ಹೇಗಾಯಿತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. 16, 32, 48, 64, 80, 96, ಈ ಪುಟಗಳ ಮುಂದಿನ ಅಂಕಿ ಸರಿ ಇದೆಯೋ ಅಂತ ಬೆರಳಾಡಿಸಿ ನೋಡಲು ಅರ್ಧ ನಿಮಿಷ ಸಾಕು.

ಮೂವರು ಏನು ಕೊಂಡರು

ಗದಗಿನ ಗೆಳತಿ 'ಮನಸು ಅಭಿಸಾರಿಕೆ'ಯನ್ನೂ 'ಜೀರೋ ಬ್ಯಾಲೆನ್ಸ್' ಅನ್ನೂ ತಗೊಂಡಳು, ಚಿಲ್ಲರೆ ಉಳಿಯಿತು. ನೈಟ್ ಡ್ಯೂಟಿಯಲ್ಲಿ ವಾರ್ಡು ಮಲಗಿದ ಮೇಲೆ ಒಂದು ಕತೆ. "ಬೆಲ್ ಹೊಡೀತಂದ್ರ ಎದ್ದು ಹೋಗಿ ಬಂದ್ರೂ ಕತಿ ಎಲ್ಲೂ ಹೋಗಂಗಿಲ್ಲ ನೋಡು" ಅಂದಳು. ಹುಡುಗ ನನ್ನ ಮಾತು ಕೇಳಲಿಲ್ಲ, 'ತೇಜೋ ತುಂಗಭದ್ರಾ' ತಂದ. ಸೆಮಿಸ್ಟರ್ ಪರೀಕ್ಷೆ ಇನ್ನೂ ಮುಗಿದಿಲ್ಲ, ಗೇಬ್ರಿಯಲ್ ಇನ್ನೂ ಹಡಗು ಹತ್ತಿಲ್ಲ ಅಂತ ಮೊನ್ನೆ ಮೆಸೇಜು ಬಂತು.

ಮಾಸ್ತರರಿಗೆ 'ತೇರು' ಕಳಿಸಿದ್ದೆ, ಅಕ್ಷರ ಸಣ್ಣೂ ಆದವು. ಮೊಮ್ಮಗಳು ಅವರ ಫೋನಿಗೆ ಯಾವುದೋ ಆ್ಯಪ್ ಹಾಕಿ ನಮ್ಮ ಕಡೆಯದೇ ಇನ್ನೊಂದು ಕತೆಯನ್ನು ಆಡಿಯೋದಲ್ಲಿ ಹಚ್ಚಿಕೊಟ್ಟಳಂತೆ. ಎರಡು ದಿನ ಕೇಳಿ ಫೋನ್ ಮಾಡಿದರು. "ಕತಿ ಛಲೋ ಐತ್ರಿ. ಆದ್ರ ಓದಾಕಿ 'ಹೋಗೂಣು' ಅನ್ನೂದನ್ನ 'ಹೋಗೋಣ' ಅಂತಾಳ. ಒಂದು ಸಲ ಅಲ್ಲ, ಹನ್ನೊಂದು ಸಲ. ಎಣಿಸೇನಿ." ಈಗ ಹುಬ್ಬಳ್ಳಿಯ ದಾಜಿಬಾನ ಪೇಟೆಯಿಂದ ಭೂತಗನ್ನಡಿ ತರಿಸಿಕೊಂಡು 'ತೇರು' ಓದುತ್ತಿದ್ದಾರೆ, ದಿನಕ್ಕೆ ನಾಲ್ಕು ಪುಟ.